ಕೊಲೆಯ ಮುನ್ನರಿವು: ವಿಶಾಲಾಕ್ಷ ಪಂಡಿತರ ಅಂತ್ಯವನ್ನು ಕುರಿತು ಒಂದು ವಿವೇಚನೆ

ರಾಜಕೀಯ ಹತ್ಯೆಯೊಂದು ನಡೆದ ಮೇಲೆ ಎರಡು ಬಗೆಯ ಮಾತುಗಳು ಹುಟ್ಟುವುದು ಲೋಕರೂಢಿ. “ಹೀಗಾಗುವುದೆಂದು ನನಗೆ ಮೊದಲೇ ಗೊತ್ತಿತ್ತು” ಎಂಬುದು ಒಂದು. “ಅವರಿಗೆ ಮೊದಲೇ ಗೊತ್ತಿತ್ತು, ತಿಳಿದೂ ಸುಮ್ಮನಿದ್ದರು” ಎಂಬುದು ಇನ್ನೊಂದು. ಮೊದಲನೆಯದು ಹೇಳುವವನಿಗೆ ಹಿರಿಮೆಯನ್ನು ತಂದುಕೊಡುತ್ತದೆ. ಎರಡನೆಯದು ಬೇರೊಬ್ಬನ ತಲೆಗೆ ರಕ್ತದ ಹೊಣೆಯನ್ನು ಕಟ್ಟುತ್ತದೆ. ಎರಡೂ ಘಟನೆಯ ನಂತರ ಹುಟ್ಟಿ, ಘಟನೆಗಿಂತ ಹಿಂದಿನ ತಿಥಿಯನ್ನು ಹೇಳಿಕೊಳ್ಳುವ ಮಾತುಗಳು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬ ನಮ್ಮ ಗಾದೆಯು ಇಂತಹ ಅರಿವನ್ನು ಕುರಿತೇ ಹುಟ್ಟಿದಂತಿದೆ. ಆದರೆ ಎಲ್ಲ ಮುನ್ನರಿವೂ ಸುಳ್ಳಲ್ಲ. ನಿಜವಾದುದನ್ನು ಹುಸಿಯಿಂದ ಬೇರ್ಪಡಿಸುವ ಬಗೆ ಯಾವುದು? ಚಾಮರಾಜನಗರ ಮತ್ತು ಗುಂಡ್ಲುಪೇಟೆ ಸೀಮೆಯ ಇತಿಹಾಸವು ಇದನ್ನು ವಿಚಾರಿಸಲು ತಕ್ಕ ಪ್ರಸಂಗವೊಂದನ್ನು ಒದಗಿಸುತ್ತದೆ. ಅದು ಜೈನ ಮಂತ್ರಿಯೊಬ್ಬರ ಹತ್ಯೆಯ ಪ್ರಸಂಗವಾದುದರಿಂದ ನಮ್ಮ ಮನೆಗಳಿಗೂ ಸಂಬಂಧಿಸಿದ್ದು.

ಈ ಸೀಮೆಗೆ ಜೈನ ಪರಂಪರೆ ಹೊಸದಲ್ಲ. ಇಂದಿನ ಚಾಮರಾಜನಗರವು ಅರಕೊಠಾರವೆನಿಸಿದ್ದ ಕಾಲದಲ್ಲಿ, 1117ರ ಸುಮಾರಿಗೆ, ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸಮಯ್ಯನು ಅಲ್ಲಿ ಬಸದಿಯನ್ನು ಕಟ್ಟಿಸಿದನು. ಮಲೆಯೂರಿನ ಕನಕಗಿರಿಯು ಅದಕ್ಕೂ ಹಿಂದಿನಿಂದ ಪವಿತ್ರವೆನಿಸಿದ ಕ್ಷೇತ್ರ. ಹದಿನೇಳನೆಯ ಶತಮಾನದಲ್ಲಿ ಇದೇ ಸೀಮೆಯ ಯಳಂದೂರಿನ ಜೈನ ವಿದ್ವಾಂಸರೊಬ್ಬರು ಮೈಸೂರು ರಾಜ್ಯದ ಮುಖ್ಯ ಮಂತ್ರಿಗಳಾದರು. ಅವರೇ ವಿಶಾಲಾಕ್ಷ ಪಂಡಿತರು.

ಚಿಕ್ಕದೇವರಾಜ ಒಡೆಯರು ಪಟ್ಟಕ್ಕೆ ಬಂದುದು 1673ರಲ್ಲಿ. ಅದಕ್ಕೆ ಮೊದಲು ಅವರು ಬಹುಕಾಲ ಅಧಿಕಾರದಿಂದ ದೂರವಾಗಿ ಗುಂಡ್ಲುಪೇಟೆಯ ಬಳಿಯ ಹಂಗಳದಲ್ಲಿಯೂ ಯಳಂದೂರಿನಲ್ಲಿಯೂ ಇರಬೇಕಾಯಿತೆಂದು ಪರಂಪರೆ ಹೇಳುತ್ತದೆ. ಆ ಕಷ್ಟಕಾಲದ ಸಂಗಾತಿ ವಿಶಾಲಾಕ್ಷ ಪಂಡಿತರು. ತನಗೆ ರಾಜ್ಯ ಬಂದರೆ ಪಂಡಿತರನ್ನು ಮಂತ್ರಿಯಾಗಿ ಮಾಡಿಕೊಳ್ಳುವೆನೆಂದು ಒಡೆಯರು ಮಾತು ಕೊಟ್ಟಿದ್ದರಂತೆ. ಪಟ್ಟವೇರಿದ ಮೇಲೆ ಆ ಮಾತನ್ನು ನಡೆಸಿದರು. ಗುಂಡ್ಲುಪೇಟೆಯನ್ನೂ ಅವರು ಮರೆಯಲಿಲ್ಲ. ತಂದೆಯ ಅಂತ್ಯಕ್ರಿಯೆ ನಡೆದ ಆ ಸ್ಥಳದಲ್ಲಿ ಪರವಾಸುದೇವ ದೇವಾಲಯವನ್ನು ಕಟ್ಟಿಸಿದರು.

ಪಂಡಿತರು ಮಂತ್ರಿಯಾಗಿದ್ದುದು ಸುಮಾರು ಹದಿನಾಲ್ಕು ವರ್ಷ. ಮರಾಠರ ಮತ್ತು ಮೊಗಲರ ಒತ್ತಡದ ನಡುವೆ ಬೊಕ್ಕಸವನ್ನು ತುಂಬಬೇಕಾಗಿದ್ದ ಕಾಲವದು. ಕಂದಾಯದ ಜೊತೆಗೆ ನಾನಾ ಬಗೆಯ ಸಣ್ಣ ತೆರಿಗೆಗಳು ರೈತರ ಮೇಲೆ ಬಿದ್ದವು. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟರಾಗಿದ್ದ ಮಾರ್ಕ್ ವಿಲ್ಕ್ಸ್ ಬರೆದ ಇತಿಹಾಸದಲ್ಲಿ ಮನಮುಟ್ಟುವ ವಿವರವೊಂದಿದೆ. ಊರ ಬಾಗಿಲಿನ ಮರಕ್ಕೆ ನೇಗಿಲನ್ನು ತಲೆಕೆಳಗಾಗಿ ತೂಗುಹಾಕಿ ರೈತರು ಉಳುಮೆಯನ್ನು ನಿಲ್ಲಿಸಿದರು. ಬೊಬ್ಬೆಯಿಲ್ಲದೆ ಸಾರಿದ ದಂಗೆಯದು. ಜಂಗಮರು ಈ ದಂಗೆಗೆ ಪ್ರೇರಕರೆಂಬ ಶಂಕೆಯಿಂದ ಅರಸರು ಅವರನ್ನು ನಂಜನಗೂಡಿಗೆ ಕರೆಸಿ, ನಾನೂರಕ್ಕೂ ಹೆಚ್ಚು ಮಂದಿಯನ್ನು ಕೊಲ್ಲಿಸಿದರೆಂದೂ ಮಠಗಳನ್ನು ಕೆಡವಿಸಿದರೆಂದೂ ವಿಲ್ಕ್ಸ್ ಬರೆಯುತ್ತಾರೆ. ಇದರ ಪ್ರತೀಕಾರವಾಗಿ 1686ರಲ್ಲಿ, ರಾತ್ರಿ ಅರಮನೆಯಿಂದ ಎಂದಿನಂತೆ ಮನೆಗೆ ಹಿಂದಿರುಗುತ್ತಿದ್ದ ವಿಶಾಲಾಕ್ಷ ಪಂಡಿತರನ್ನು ಹೊಂಚುಹಾಕಿ ಇರಿದರೆಂಬುದು ಆ ಕಥನದ ಮುಂದಿನ ಭಾಗ. ಮರಣಶಯ್ಯೆಯಲ್ಲಿದ್ದ ಪಂಡಿತರು ತಮ್ಮ ಸ್ಥಾನಕ್ಕೆ ಶ್ರೀವೈಷ್ಣವ ವಿದ್ವಾಂಸ ತಿರುಮಲಾರ್ಯರೇ ತಕ್ಕವರೆಂದು ಅರಸರಿಗೆ ಸೂಚಿಸಿದರೆಂದೂ ಅರಸರು ಹಾಗೆಯೇ ನಡೆದುಕೊಂಡರೆಂದೂ ಹೇಳಲಾಗಿದೆ.

ಇಲ್ಲಿ ಒಂದು ಲೆಕ್ಕವನ್ನು ಮರೆಯಬಾರದು. ವಿಲ್ಕ್ಸರ ಗ್ರಂಥದ ಮೊದಲ ಸಂಪುಟ ಅಚ್ಚಾದುದು 1810ರಲ್ಲಿ. ಅಂದರೆ ಹತ್ಯೆಯಾಗಿ 124 ವರ್ಷಗಳ ಮೇಲೆ. ಮೈಸೂರು ಅರಸರ ಕಥೆಯನ್ನೂ ಒಳಗೊಂಡಿರುವ ‘ರಾಜಾವಳಿಕಥೆ’ಯನ್ನು ಕನಕಗಿರಿಯ ದೇವಚಂದ್ರ ಕವಿ ಮುಗಿಸಿದುದು ಅದಕ್ಕೂ ಈಚೆಗೆ, 1838ರಿಂದ 1841ರ ನಡುವೆ. ಇಷ್ಟು ಕಾಲ ಬಾಯಿಂದ ಬಾಯಿಗೆ ಹರಿದುಬಂದ ವೃತ್ತಾಂತದಲ್ಲಿ ಸಂಖ್ಯೆಗಳು ಬೆಳೆಯಬಹುದು, ಕಾರಣಗಳು ಬದಲಾಗಬಹುದು. ಆದುದರಿಂದ ‘ನಡೆಯಿತು’ ಎನ್ನುವುದಕ್ಕೂ ‘ನಡೆಯಿತೆಂದು ಹೇಳುತ್ತಾರೆ’ ಎನ್ನುವುದಕ್ಕೂ ಇರುವ ಅಂತರವನ್ನು ಕೊನೆಯವರೆಗೂ ಕಾಪಾಡಿಕೊಳ್ಳಬೇಕು.

ಈಗ ಮುನ್ನರಿವಿನ ಪ್ರಶ್ನೆಗೆ ಬರೋಣ. ಒಳಸಂಚುಗಳನ್ನು ಹುಡುಕುವ ಮನಸ್ಸು ಈ ವೃತ್ತಾಂತವನ್ನು ಓದಿದೊಡನೆ ಮೂರು ಸಂದೇಹಗಳನ್ನು ಮುಂದಿಡುತ್ತದೆ. ಅರಸರಿಗೆ ಮೊದಲೇ ತಿಳಿದಿರಲಿಲ್ಲವೆ? ಪದವಿ ದೊರೆತದ್ದು ತಿರುಮಲಾರ್ಯರಿಗೆ, ಅವರಿಗೆ ತಿಳಿದಿರಲಿಲ್ಲವೆ? ಇಷ್ಟು ವಿದ್ವಾಂಸರಾದ ಪಂಡಿತರಿಗೇ ತಮ್ಮ ಅಂತ್ಯದ ಸುಳಿವು ಇರಲಿಲ್ಲವೆ? ಒಂದೊಂದನ್ನೂ ಲೋಕವಿವೇಕದ ಒರೆಗೆ ಹಚ್ಚಬಹುದು.

ಅರಸರ ವಿಷಯದಲ್ಲಿ ಸಂದೇಹಕ್ಕೆ ಒಂದು ಆಧಾರ ಸಿಕ್ಕಂತೆ ತೋರುತ್ತದೆ. ಚಿಕ್ಕದೇವರಾಜರು ಅಂಚೆಯ ವ್ಯವಸ್ಥೆಯನ್ನು ಏರ್ಪಡಿಸಿದವರು. ಆ ಅಂಚೆಯವರು ಓಲೆಗಳನ್ನು ಸಾಗಿಸುವುದರೊಂದಿಗೆ ಸೀಮೆಯ ಗುಟ್ಟಿನ ಸುದ್ದಿಗಳನ್ನೂ ಅರಮನೆಗೆ ಮುಟ್ಟಿಸುತ್ತಿದ್ದರು. ಊರೂರಿನ ಸುದ್ದಿ ತಿಳಿಯುತ್ತಿದ್ದವರಿಗೆ ರಾಜಧಾನಿಯಲ್ಲೇ ನಡೆದ ಹೊಂಚು ತಿಳಿಯದಿರುವುದುಂಟೆ ಎಂದು ಕೇಳಬಹುದು. ಆದರೆ ಅಂಚೆ ತರಬಹುದಾಗಿದ್ದುದು ಏನು? ನೂರಾರು ಹಳ್ಳಿಗಳಲ್ಲಿ ನೇಗಿಲು ತಲೆಕೆಳಗಾಗಿದೆ, ಜನ ಮಂತ್ರಿಯನ್ನು ಶಪಿಸುತ್ತಿದ್ದಾರೆ ಎಂಬ ಸುದ್ದಿಯನ್ನು. ಅದು ದಾರಿಹೋಕನ ಕಣ್ಣಿಗೂ ಕಾಣುತ್ತಿದ್ದ ಸಂಗತಿ. ಅಪಾಯವಿದೆಯೆಂದು ಅರಿಯುವುದು ಬೇರೆ. ಇಂತಹ ರಾತ್ರಿ, ಇಂತಹ ಬೀದಿಯಲ್ಲಿ, ಇಂತಹವನು ಇರಿಯುವನೆಂದು ಅರಿಯುವುದು ಬೇರೆ. ಆಡಿ ತಿಂಗಳ ಮೋಡವನ್ನು ಕಂಡು ಮಳೆ ಬಂದೀತೆನ್ನುವವನು ಯಾರ ಮನೆಯ ಗೋಡೆ ಕುಸಿಯುವುದೆಂದು ಬಲ್ಲವನಲ್ಲ. ಹತ್ಯೆಯ ನಂತರ ಹುಟ್ಟುವ ಬಹುಪಾಲು ಆರೋಪಗಳು ಈ ಎರಡನ್ನೂ ಬೆರೆಸುವುದರಿಂದಲೇ ಹುಟ್ಟುತ್ತವೆ.

ತಿರುಮಲಾರ್ಯರ ಮೇಲಿನ ಸಂದೇಹವು ‘ಲಾಭ ಯಾರಿಗೆ’ ಎಂಬ ಪ್ರಶ್ನೆಯನ್ನು ಆಧರಿಸಿದೆ. ಪ್ರಶ್ನೆ ಕೇಳುವುದರಲ್ಲಿ ತಪ್ಪಿಲ್ಲ. ಅದನ್ನೇ ಉತ್ತರವೆಂದು ತಿಳಿಯುವುದು ತಪ್ಪು. ತಂದೆಯ ಮರಣದಿಂದ ಆಸ್ತಿ ಪಡೆದ ಮಕ್ಕಳೆಲ್ಲರೂ ಪಿತೃಘಾತಕರಲ್ಲ. ತಿರುಮಲಾರ್ಯರು ಅರಸರಿಗೆ ಬಾಲ್ಯದಿಂದ ಆಪ್ತರು. ಪಂಡಿತರು ಬದುಕಿದ್ದಾಗಲೇ ಐವರು ಮಂತ್ರಿಗಳ ಸಭೆಯಲ್ಲಿ ಸ್ಥಾನ ಪಡೆದಿದ್ದವರು. ಹತ್ಯೆಯಿಲ್ಲದೆಯೂ ಅವರು ದೊಡ್ಡವರೇ. ಅದಕ್ಕಿಂತ ಮುಖ್ಯವಾಗಿ, ಇರಿತಕ್ಕೆ ಒಳಗಾದವರೇ ಅವರನ್ನು ಸೂಚಿಸಿದರೆಂದು ಅದೇ ಪರಂಪರೆ ಹೇಳುತ್ತದೆ. ಕೊಲೆಯ ಭಾಗವನ್ನು ಪರಂಪರೆಯಿಂದ ತೆಗೆದುಕೊಂಡು, ಮರಣಶಯ್ಯೆಯ ಭಾಗವನ್ನು ಮಾತ್ರ ಕಟ್ಟುಕಥೆಯೆಂದು ಬಿಸುಡಲಾಗದು. ಒಂದೇ ಸಾಕ್ಷಿಯ ಅರ್ಧ ಮಾತನ್ನು ನಂಬಿ ಅರ್ಧವನ್ನು ತಳ್ಳುವವನು ಅದಕ್ಕೆ ಕಾರಣವನ್ನು ಹೇಳಬೇಕಾಗುತ್ತದೆ.

ಇನ್ನು ಪಂಡಿತರು. ಅವರು ಎಂದಿನ ರೀತಿಯಲ್ಲಿ, ರಾತ್ರಿಯ ವೇಳೆಯಲ್ಲಿ ಮನೆಗೆ ಹೊರಟರೆಂಬ ವಿವರವೇ ಇಲ್ಲಿ ದಾರಿದೀಪ. ತಮ್ಮ ಮೇಲೆ ಜನರ ಕೋಪವಿದೆಯೆಂದು ಅವರಿಗೆ ತಿಳಿಯದಿರಲು ಸಾಧ್ಯವಿಲ್ಲ. ಆದರೆ ಆ ರಾತ್ರಿಯ ಹೊಂಚು ತಿಳಿದಿದ್ದರೆ ಅವರು ದಾರಿ ಬದಲಿಸುತ್ತಿದ್ದರು, ಕಾವಲನ್ನು ಹೆಚ್ಚಿಸುತ್ತಿದ್ದರು, ಇಲ್ಲವೆ ಅರಮನೆಯಲ್ಲೇ ಉಳಿಯುತ್ತಿದ್ದರು. ಅರಿತವನ ನಡತೆಯು ಅರಿವನ್ನು ತೋರಿಸುತ್ತದೆ. ಮಾತಿಗಿಂತ ನಡತೆ ಹೆಚ್ಚಿನ ಸಾಕ್ಷಿ.

ನಡತೆಯೇ ಮುನ್ನರಿವಿನ ಅಳತೆಗೋಲು ಎಂಬ ಈ ನಿಯಮವು ನಮ್ಮ ಪರಂಪರೆಗೆ ಅಪರಿಚಿತವಲ್ಲ. ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿರುವ, ಸುಮಾರು ಕ್ರಿ.ಶ. 600ರ ಶಾಸನವು, ಅಷ್ಟಾಂಗ ಮಹಾನಿಮಿತ್ತವನ್ನು ಬಲ್ಲ ಭದ್ರಬಾಹುಸ್ವಾಮಿಗಳು ಉಜ್ಜಯಿನಿಯಲ್ಲಿ ಹನ್ನೆರಡು ವರ್ಷಗಳ ವೈಷಮ್ಯವನ್ನು ಮುಂಗಂಡು ತಿಳಿಸಿದರೆಂದೂ, ಸಂಘವು ದಕ್ಷಿಣಕ್ಕೆ ಹೊರಟಿತೆಂದೂ ಹೇಳುತ್ತದೆ. ಈ ಭದ್ರಬಾಹುಗಳು ಯಾರೆಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಚರ್ಚೆಯುಂಟು. ಅದನ್ನು ಬದಿಗಿರಿಸಿ ವೃತ್ತಾಂತದ ರಚನೆಯನ್ನಷ್ಟೇ ನೋಡೋಣ. ಬರುವ ಮುನ್ನ ಹೇಳಿದರು. ಯಾರಿಗೆ ಹೇಳಬೇಕೋ ಅವರಿಗೆ ಹೇಳಿದರು. ಎಷ್ಟು ಕಾಲವೆಂದು ಗಡಿಯಿಟ್ಟು ಹೇಳಿದರು. ಕೇಳಿದವರು ಗಂಟುಮೂಟೆ ಕಟ್ಟಿ ಹೊರಟರು. ಕ್ಷಾಮ ಮುಗಿದ ಮೇಲೆ “ನಾನಾಗಲೇ ಕಂಡಿದ್ದೆ” ಎಂದು ಹೇಳಿದ ಕಥೆಯಲ್ಲ ಅದು. ಯಾರು, ಯಾವಾಗ, ಯಾರಿಗೆ, ಎಷ್ಟು ಖಚಿತವಾಗಿ ಹೇಳಿದರು, ಹೇಳಿ ಏನು ಮಾಡಿದರು — ಮುನ್ನರಿವನ್ನು ಪರೀಕ್ಷಿಸಲು ಈ ಐದು ಪ್ರಶ್ನೆಗಳು ಸಾಕು.

ಈ ಪ್ರಶ್ನೆಗಳನ್ನು ದಾಖಲೆಗಳು ಹೇರಳವಾಗಿರುವ ಹತ್ಯೆಯೊಂದಕ್ಕೆ ಅನ್ವಯಿಸಿದರೆ ಅವುಗಳ ಬಲ ಸ್ಪಷ್ಟವಾಗುತ್ತದೆ. ಮಹಾತ್ಮ ಗಾಂಧಿಯವರ ಹತ್ಯೆಯಲ್ಲಿ ಒಳಸಂಚು ಊಹೆಯಲ್ಲ. ನ್ಯಾಯಾಲಯದಲ್ಲಿ ಸಿದ್ಧವಾದ ಸತ್ಯ. ಅಲ್ಲಿ ಮುನ್ನರಿವೂ ಇತ್ತು. ಅದು ಇದ್ದವರಲ್ಲೊಬ್ಬರು ಪ್ರಾಕೃತ ಮತ್ತು ಜೈನ ಸಾಹಿತ್ಯದ ವಿದ್ವಾಂಸರಾಗಿ ಹೆಸರಾದ ಡಾ. ಜಗದೀಶಚಂದ್ರ ಜೈನರೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದ ಸಂಗತಿ.

ಮುಂಬಯಿಯ ರೂಯಾ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದ ಜೈನರು, ಮದನಲಾಲ ಪಾಹವಾ ಎಂಬ ನಿರಾಶ್ರಿತ ತರುಣನಿಗೆ ತಮ್ಮ ಪುಸ್ತಕಗಳನ್ನು ಮಾರುವ ಕೆಲಸ ಕೊಟ್ಟು ನೆರವಾಗಿದ್ದರು. 1948ರ ಜನವರಿಯಲ್ಲಿ ಆತ ಅವರೆದುರು ಗಾಂಧೀಜಿಯವರನ್ನು ಕೊಲ್ಲುವ ಸಂಚಿನ ಮಾತಾಡಿದ. ನೊಂದ ತರುಣನ ಬಡಾಯಿಯಿರಬೇಕೆಂದು ಅವರು ಮೊದಲು ಭಾವಿಸಿದರು. ಜನವರಿ 20ರಂದು ದೆಹಲಿಯ ಬಿರ್ಲಾ ಭವನದ ಪ್ರಾರ್ಥನಾಸಭೆಯ ಬಳಿ ಸ್ಫೋಟವಾಗಿ ಮದನಲಾಲ ಸೆರೆಸಿಕ್ಕಿದ ಸುದ್ದಿಯನ್ನು ಓದಿದೊಡನೆ ಅವರಿಗೆ ಮಾತಿನ ಭಾರ ತಿಳಿಯಿತು. ಮರುದಿನವೇ, 21ರಂದು, ಮುಂಬಯಿ ಪ್ರಾಂತದ ಪ್ರಧಾನಿ ಬಿ.ಜಿ. ಖೇರ್ ಮತ್ತು ಗೃಹಮಂತ್ರಿ ಮೊರಾರ್ಜಿ ದೇಸಾಯಿಯವರನ್ನು ಕಂಡು ತಾವು ಕೇಳಿದ್ದನ್ನು ತಿಳಿಸಿದರು. ಅಹಮದ್‌ನಗರದ ಕರ್ಕರೆಯ ಹೆಸರನ್ನೂ ಹೇಳಿದರು. ಹಂತಕನ ಹೆಸರು ಅವರಿಗೆ ಗೊತ್ತಿರಲಿಲ್ಲ. ಗೊತ್ತಿತ್ತೆಂದು ಅವರು ಹೇಳಿಕೊಳ್ಳಲೂ ಇಲ್ಲ. ಮೊರಾರ್ಜಿಯವರು ವಿಷಯವನ್ನು ಪೊಲೀಸ್ ಅಧಿಕಾರಿ ನಗರವಾಲಾ ಅವರಿಗೂ, ಸರ್ದಾರ್ ಪಟೇಲರಿಗೂ ಮುಟ್ಟಿಸಿದರು. ಆದರೂ 30ರ ಸಂಜೆ ಗುಂಡು ಹಾರಿತು. ಮುಂದೆ ಜೈನರು ನ್ಯಾಯಾಲಯದಲ್ಲಿ ಸಾಕ್ಷಿ ನುಡಿದರು. ಬಾಪುವನ್ನು ಉಳಿಸಲಾಗಲಿಲ್ಲವೆಂಬ ಅಳಲನ್ನೇ ಶೀರ್ಷಿಕೆಯಾಗಿಸಿ ಪುಸ್ತಕ ಬರೆದರು.

ಹತ್ತು ದಿನ ಮೊದಲು ಸುಳಿವು ಸಿಕ್ಕಿದ್ದೂ ಹತ್ಯೆ ತಪ್ಪಲಿಲ್ಲವೆಂದಮೇಲೆ ಅಧಿಕಾರದಲ್ಲಿದ್ದವರೇ ಬಯಸಿ ಬಿಟ್ಟುಕೊಟ್ಟರೆಂದು ಹೇಳುವವರು ಅಂದಿನಿಂದ ಇಂದಿನವರೆಗೂ ಇದ್ದಾರೆ. ದಾಖಲೆಗಳು ತೋರಿಸುವುದು ಬೇರೊಂದನ್ನು. ದೆಹಲಿಯಲ್ಲಿ ಮದನಲಾಲನು ಮರಾಠಿ ಪತ್ರಿಕೆಯೊಂದರ ಸಂಪಾದಕನ ವಿಷಯ ಹೇಳಿದ್ದನು. ಮುಂಬಯಿಯಲ್ಲಿ ಜೈನರು ಕರ್ಕರೆಯ ಹೆಸರು ಹೇಳಿದ್ದರು. ಎರಡು ನಗರಗಳ ಎರಡು ತುಣುಕುಗಳನ್ನು ಜೋಡಿಸುವ ಕೈ ವೇಳೆಗೆ ಸರಿಯಾಗಿ ಮುಂದೆ ಬರಲಿಲ್ಲ. ಮೊಕದ್ದಮೆಯ ತೀರ್ಪು ನೀಡಿದ ನ್ಯಾಯಾಧೀಶ ಆತ್ಮಾಚರಣರು ಆ ಹತ್ತು ದಿನಗಳ ಪೊಲೀಸ್ ಶೈಥಿಲ್ಯವನ್ನು ಎತ್ತಿ ಹೇಳಿದರು. ಸುದ್ದಿ ಹಲವರ ಕೈಯಲ್ಲಿತ್ತು. ಅರಿವು ಯಾರಲ್ಲೂ ಪೂರ್ಣವಾಗಿರಲಿಲ್ಲ. ಶೈಥಿಲ್ಯವು ಸಣ್ಣ ಅಪರಾಧವಲ್ಲ. ಜೈನ ಆಚಾರಶಾಸ್ತ್ರವು ಹಿಂಸೆಯ ಮೂಲದಲ್ಲಿ ಪ್ರಮಾದವನ್ನು ಕಾಣುತ್ತದೆ, ಎಚ್ಚರಗೇಡಿಗೆ ವಿನಾಯಿತಿಯಿಲ್ಲ. ಆದರೆ ಪ್ರಮಾದದ ಹಿಂಸೆಯನ್ನೂ ಸಂಕಲ್ಪದ ಹಿಂಸೆಯನ್ನೂ ಅದು ಒಂದೇ ತಕ್ಕಡಿಗೆ ಹಾಕುವುದಿಲ್ಲ. ಮರೆತವನನ್ನು ಕೊಂದವನೆಂದು ಕರೆದರೆ ನಿಜವಾಗಿ ಕೊಂದವನ ಹೊಣೆ ಹಗುರವಾಗುತ್ತದೆ.

ಇದೇ ಹತ್ಯೆಗೆ ಸಂಬಂಧಿಸಿದ ಇನ್ನೊಂದು ಮುನ್ನರಿವಿನ ಮಾತು ಹದಿನಾರು ವರ್ಷಗಳ ಮೇಲೆ ಕೇಳಿಬಂತು. 1964ರ ನವೆಂಬರಿನಲ್ಲಿ, ಶಿಕ್ಷೆ ಮುಗಿಸಿ ಬಂದ ಗೋಪಾಲ ಗೋಡ್ಸೆ ಮೊದಲಾದವರಿಗಾಗಿ ಪುಣೆಯಲ್ಲಿ ನಡೆದ ಸಮಾರಂಭದಲ್ಲಿ ಪತ್ರಕರ್ತ ಗಜಾನನ ಕೇತ್ಕರರು, ನಾಥೂರಾಮನ ಉದ್ದೇಶ ತಮಗೆ ಮೊದಲೇ ತಿಳಿದಿತ್ತೆಂದು ನುಡಿದರು. ದೇಶದಲ್ಲಿ ಕೋಲಾಹಲವಾಯಿತು. ಅದರ ಫಲವಾಗಿ ನೇಮಕಗೊಂಡ ವಿಚಾರಣಾ ಆಯೋಗವು ನ್ಯಾಯಮೂರ್ತಿ ಜೀವನಲಾಲ ಕಪೂರರ ನೇತೃತ್ವದಲ್ಲಿ 101 ಸಾಕ್ಷಿಗಳನ್ನು ವಿಚಾರಿಸಿ 1969ರಲ್ಲಿ ವರದಿ ನೀಡಿತು. ಯಾರಿಗೆ, ಯಾವಾಗ, ಏನು ತಿಳಿದಿತ್ತು, ತಿಳಿದವರು ಯಾರಿಗೆ ಹೇಳಿದರು ಎಂಬುದೇ ಆ ವಿಚಾರಣೆಯ ತಿರುಳು. ಜೈನರ ಮಾತನ್ನೂ ಕೇತ್ಕರರ ಮಾತನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿ. ಒಂದನ್ನು ಗುಂಡು ಹಾರುವ ಮೊದಲು, ತಡೆಯಬಲ್ಲವರ ಮುಂದೆ, ಅಂಜಿಕೆಯಿಂದ ಹೇಳಲಾಯಿತು. ಇನ್ನೊಂದನ್ನು ವರ್ಷಗಳ ನಂತರ, ಅಭಿಮಾನಿಗಳ ಸಭೆಯಲ್ಲಿ ಹೇಳಲಾಯಿತು. ಒಂದು ವೇಳೆ ಎರಡನೆಯದೂ ನಿಜವಾದರೆ ಅದು ಹಿರಿಮೆಯಲ್ಲ, ಹೊಣೆ.

ಇಂತಹ ಊಹೆಗಳ ಬೆಲೆಯನ್ನು ನಮ್ಮ ಕಾಲವೂ ತೆತ್ತಿದೆ. 1991ರ ಮೇ 21ರಂದು ರಾಜೀವ್ ಗಾಂಧಿಯವರ ಹತ್ಯೆಯಾಯಿತು. ಮುಖ್ಯ ಆರೋಪಿ ಶಿವರಾಸನ್ ಮತ್ತು ಸಂಗಡಿಗರು ಆಗಸ್ಟ್ 20ರಂದು ಬೆಂಗಳೂರಿನ ಕೋಣನಕುಂಟೆಯ ಮನೆಯೊಂದರಲ್ಲಿ ಶವವಾಗಿ ಸಿಕ್ಕರು. ಸತ್ತವರು ಮಾತಾಡಲಾರರು, ಬದುಕಿದ್ದವರ ಊಹೆಗಳು ಬೆಳೆದವು. ಒಳಸಂಚನ್ನು ವಿಚಾರಿಸಿದ ನ್ಯಾಯಮೂರ್ತಿ ಮಿಲಾಪಚಂದ್ ಜೈನ್ ಆಯೋಗದ ಮಧ್ಯಂತರ ವರದಿಯ ಅಂಶಗಳು 1997ರ ನವೆಂಬರಿನಲ್ಲಿ ಹೊರಬಿದ್ದಾಗ, ಡಿ.ಎಂ.ಕೆ. ಸಚಿವರನ್ನು ಕೈಬಿಡಬೇಕೆಂದು ಕಾಂಗ್ರೆಸ್ ಪಟ್ಟುಹಿಡಿದು ಗುಜ್ರಾಲ್ ಸರ್ಕಾರವೇ ಉರುಳಿತು. 2004ರಲ್ಲಿ ಅದೇ ಎರಡು ಪಕ್ಷಗಳು ಒಂದೇ ಸರ್ಕಾರದಲ್ಲಿ ಕುಳಿತವು. ಅಂದು ಅಷ್ಟು ಖಚಿತವಾಗಿದ್ದ ಸಂದೇಹ ಏಳು ವರ್ಷಗಳಲ್ಲಿ ಎಲ್ಲಿಗೆ ಹೋಯಿತೆಂದು ಯಾರೂ ಕೇಳಲಿಲ್ಲ.

ಘಟನೆಯ ನಂತರ “ಗೊತ್ತಿತ್ತು” ಎನ್ನುವವರೆಲ್ಲರೂ ಬೇಕೆಂದು ಸುಳ್ಳಾಡುವವರಲ್ಲ. ಜೈನ ತಾರ್ಕಿಕರು ಸ್ಮೃತಿಯನ್ನೂ ಪ್ರಮಾಣಗಳಲ್ಲಿ ಸೇರಿಸಿದರು. ಅಷ್ಟೇ ಎಚ್ಚರದಿಂದ ‘ಸ್ಮರಣಾಭಾಸ’ವನ್ನೂ ಗುರುತಿಸಿದರು. ಮಾಣಿಕ್ಯನಂದಿ ಆಚಾರ್ಯರ ‘ಪರೀಕ್ಷಾಮುಖ’ದಲ್ಲಿ, ಜಿನದತ್ತನನ್ನು ನೆನೆಯಬೇಕಾದಲ್ಲಿ ದೇವದತ್ತನನ್ನು ನೆನೆಯುವುದು ಇದಕ್ಕೆ ಉದಾಹರಣೆ. ಹತ್ಯೆಗೆ ಮೊದಲು ಮನಸ್ಸಿನಲ್ಲಿ ಹಾದುಹೋದ ನೂರು ಭಯಗಳಲ್ಲಿ ತೊಂಬತ್ತೊಂಬತ್ತು ಹುಸಿಯಾಗಿ ಮರೆತುಹೋಗುತ್ತವೆ. ನಿಜವಾದ ಒಂದು ಮಾತ್ರ ಭವಿಷ್ಯವಾಣಿಯ ವೇಷ ತೊಟ್ಟು ನೆನಪಿಗೆ ಬರುತ್ತದೆ. ಬೆಂಕಿಯಿಲ್ಲದೆ ಹೊಗೆಯಾಡದೆಂಬ ಮಾತು ಸರಿ. ಆದರೆ ಕಂಡದ್ದು ಹೊಗೆಯೇ ಎಂದು ಮೊದಲು ನಿಶ್ಚಯವಾಗಬೇಕು. ಗುಂಡ್ಲುಪೇಟೆಯವರು ಗೋಪಾಲಸ್ವಾಮಿ ಬೆಟ್ಟದ ನೆತ್ತಿಯ ಮಂಜನ್ನು ನಿತ್ಯ ಕಾಣುತ್ತಾರೆ. ಅದನ್ನು ಹೊಗೆಯೆಂದು ಬಗೆದು ಕಾಡಿಗೆ ಬೆಂಕಿ ಬಿದ್ದಿದೆಯೆಂದು ಕೂಗಿಕೊಳ್ಳುವವನು ಹೊಸಬನೇ ಇರಬೇಕು.

ಈ ವಿವೇಚನೆಯ ಕಠಿಣವಾದ ಭಾಗ ಉಳಿದಿದೆ. ನಮ್ಮವರೊಬ್ಬರು ಹತರಾದ ವೃತ್ತಾಂತವನ್ನು ಓದುವಾಗ, ಇಡೀ ಜಂಗಮ ಸಮುದಾಯಕ್ಕೆ ಸಂಚು ತಿಳಿದಿತ್ತೆಂದು ನಂಬಿಬಿಡುವುದು ಸುಲಭ. ಆದರೆ ಗುಟ್ಟು ಹಲವರಿಗೆ ತಿಳಿದಷ್ಟೂ ಗುಟ್ಟಾಗಿ ಉಳಿಯುವುದಿಲ್ಲವೆಂಬುದು ಲೋಕವೇ ಬಲ್ಲ ಸಂಗತಿ. ಕತ್ತಲ ಬೀದಿಯಲ್ಲಿ ಹೊಂಚುಹಾಕಲು ಬೆರಳೆಣಿಕೆಯ ಜನ ಸಾಕು. ಸಾವಿರ ಜನರ ಒಪ್ಪಿಗೆ ಬೇಕಿಲ್ಲ. ಯಾರೋ ಕೆಲವರ ಕೃತ್ಯಕ್ಕೆ ಒಂದು ಸಮುದಾಯದ ಹೆಸರಿಡುವುದು ಶಾಸ್ತ್ರಗಳು ಪಾಪಸ್ಥಾನಗಳಲ್ಲಿ ಎಣಿಸಿರುವ ಅಭ್ಯಾಖ್ಯಾನವೇ, ಅಂದರೆ ಮಾಡದ ತಪ್ಪನ್ನು ಹೊರಿಸುವುದೇ ಆಗುತ್ತದೆ. ಅಂತೆಯೇ, ನಂಜನಗೂಡಿನ ಹತ್ಯಾಕಾಂಡ ಪಂಡಿತರ ಆಲೋಚನೆಯೆಂದು ಯಾರಾದರೂ ಹೇಳಿದರೆ ನಾವು ಸಾಕ್ಷಿಯನ್ನು ಕೇಳುತ್ತೇವೆ. ಕೇಳುವುದು ನ್ಯಾಯವೂ ಹೌದು. ಅದೇ ಸಾಕ್ಷಿಯನ್ನು ಎದುರು ಪಕ್ಷದ ಮೇಲಿನ ಆರೋಪಕ್ಕೂ ಕೇಳಿದಾಗ ಮಾತ್ರ ಆ ನ್ಯಾಯಕ್ಕೆ ಬೆಲೆ. ಅದರೊಡನೆ, ಪಂಡಿತರ ಆಡಳಿತದಲ್ಲಿ ತೆರಿಗೆಯ ಭಾರ ರೈತನನ್ನು ನೇಗಿಲು ತೂಗುಹಾಕುವ ಹಂತಕ್ಕೆ ತಂದಿತೆಂಬ ಪರಂಪರೆಯ ಮಾತನ್ನೂ ಮುಚ್ಚಿಡಬೇಕಾಗಿಲ್ಲ. ಅದನ್ನು ಒಪ್ಪಿದರೆ ಅವರ ವಿದ್ವತ್ತಾಗಲಿ ಸ್ವಾಮಿನಿಷ್ಠೆಯಾಗಲಿ ಕುಂದುವುದಿಲ್ಲ. ಅವರ ಹತ್ಯೆ ಧರ್ಮ್ಯವೂ ಆಗುವುದಿಲ್ಲ.

ಬಸದಿಗಳ ಆಡಳಿತ ಮಂಡಳಿಗಳು ಕ್ಷೇತ್ರಪರಿಚಯದ ಪುಸ್ತಿಕೆಗಳನ್ನೂ ಪಂಚಕಲ್ಯಾಣದ ಸ್ಮರಣಸಂಚಿಕೆಗಳನ್ನೂ ಹೊರತರುತ್ತವೆ. ಮಕ್ಕಳು ಇತಿಹಾಸವನ್ನು ಮೊದಲು ಕಲಿಯುವುದು ಅವುಗಳಿಂದ. ವಿಶಾಲಾಕ್ಷ ಪಂಡಿತರಂತಹವರ ಚರಿತ್ರೆಯನ್ನು ಬರೆಯುವಾಗ ಯಾವ ಸಂಗತಿಯನ್ನು ಯಾರು, ಘಟನೆಯಾದ ಎಷ್ಟು ವರ್ಷಗಳ ಮೇಲೆ ಬರೆದಿಟ್ಟರೆಂಬುದನ್ನು ಒಂದು ಸಾಲಿನಲ್ಲಾದರೂ ನಮೂದಿಸುವುದು ಉಚಿತ. ಯಳಂದೂರಿನಲ್ಲಿಯೂ ಚಾಮರಾಜನಗರದಲ್ಲಿಯೂ ಜೈನರು ಮತ್ತು ವೀರಶೈವರು ಒಂದೇ ಸಂತೆಯಲ್ಲಿ ವ್ಯಾಪಾರ ಮಾಡುತ್ತಾರೆ, ಅವರ ಮಕ್ಕಳು ಒಂದೇ ಶಾಲೆಗೆ ಹೋಗುತ್ತಾರೆ. 1686ರ ಆ ರಾತ್ರಿ ಯಾರಿಗೆ ಏನು ತಿಳಿದಿತ್ತೆಂಬುದಕ್ಕೆ ಇಂದು ಸಾಕ್ಷಿ ನುಡಿಯುವವರಿಲ್ಲ. ಸಾಕ್ಷಿಯಿಲ್ಲದ ಕಡೆ ತೀರ್ಪು ಕೊಡದಿರುವುದು ಸತ್ಯಾಣುವ್ರತವನ್ನು ಹಿಡಿದ ಶ್ರಾವಕನ ಕರ್ತವ್ಯ.